ಪ್ರೊಸೆಸರ್ ಬದಲಾಗುವ ಕಾಲದಲ್ಲಿ ಕಂಪ್ಯೂಟರ್ ಕೊಳ್ಳುವ ಬಗೆ

ನಮ್ಮ ಚಿಕ್ಕಪ್ಪ ತಾಲ್ಲೂಕು ಕೇಂದ್ರವೊಂದರಲ್ಲಿ ಬಹಳ ವರ್ಷಗಳಿಂದ ಚಿಕ್ಕದೊಂದು ಮುದ್ರಣಾಲಯ ನಡೆಸುತ್ತಿದ್ದಾರೆ. ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಇವೇ ಅವರ ಮುಖ್ಯ ಕೆಲಸ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ತಿಳಿದಾಗ ಅವರು ಹೊಸ ಲ್ಯಾಪ್‌ಟಾಪ್ ಕೊಂಡರು. ಅಂಗಡಿಯವರು ಇದು ಹೊಸ ಬಗೆಯ ಪ್ರೊಸೆಸರ್, ಚಾರ್ಜರ್ ಇಲ್ಲದೆ ಇಡೀ ದಿನ ಓಡುತ್ತದೆ ಎಂದು ಹೇಳಿದ್ದರು. ಆ ಮಾತು ನಿಜವೇ ಆಗಿತ್ತು. ಮನೆಗೆ ತಂದು ಪುಟ ಕಟ್ಟುವ ಹಳೆಯ ತಂತ್ರಾಂಶವನ್ನು ಅದರಲ್ಲಿ ಸ್ಥಾಪಿಸಿದಾಗ ಅದೂ ತೆರೆದುಕೊಂಡಿತು. ಆದರೆ ಅವರ ಕನ್ನಡ ಅಕ್ಷರಗಳ ತಂತ್ರಾಂಶಕ್ಕೆ ಬೆರಳಿನಷ್ಟು ಉದ್ದದ ಹಸಿರು ಡಾಂಗಲ್ ಒಂದಿದೆ. ಅದನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ, ಅದರ ತುದಿಯ ಪುಟ್ಟ ದೀಪ ಹೊತ್ತಿಕೊಂಡ ಮೇಲೆಯೇ ಅಕ್ಷರಗಳು ಮೂಡುವುದು. ಆ ದೀಪ ಹೊತ್ತಲಿಲ್ಲ. ಜೋಡಿಸಿದ ಸಾಧನಗಳ ಪಟ್ಟಿಯನ್ನು ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ ಡಾಂಗಲ್‌ನ ಹೆಸರಿನ ಪಕ್ಕದಲ್ಲಿ ಹಳದಿ ತ್ರಿಕೋನವೂ ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆಯೂ ಇದ್ದವು. ಡಾಂಗಲ್ ಕೆಟ್ಟಿರಲಿಲ್ಲ, ಲ್ಯಾಪ್‌ಟಾಪ್‌ನಲ್ಲಿಯೂ ದೋಷವಿರಲಿಲ್ಲ. ಆದರೂ ಅವೆರಡೂ ಒಟ್ಟಿಗೆ ಕೆಲಸ ಮಾಡುವಂತಿರಲಿಲ್ಲ.

ಪ್ರೊಸೆಸರುಗಳ, ಎಂದರೆ ಕಂಪ್ಯೂಟರಿನ ಮೆದುಳಿನಂತಿರುವ ಚಿಪ್ಪುಗಳ, ಬಗೆಯೇ ಬದಲಾಗುತ್ತಿರುವ ಇಂತಹ ಕಾಲದಲ್ಲಿ ಕಂಪ್ಯೂಟರನ್ನು ಆರಿಸುವಾಗ ಯಾವ ಪ್ರೊಸೆಸರ್ ಹೆಚ್ಚು ವೇಗವಾಗಿದೆ ಎಂಬ ಪ್ರಶ್ನೆಯಿಂದ ಆರಂಭಿಸಬಾರದೆಂಬುದು ನನಗೆ ಅಂದಿನಿಂದ ಖಚಿತವಾಗಿದೆ. ನಮ್ಮ ಕೆಲಸದಲ್ಲಿ ಅತ್ಯಂತ ಹಳೆಯದಾದ ತಂತ್ರಾಂಶ ಯಾವುದು, ನಮ್ಮ ಕಂಪ್ಯೂಟರಿಗೆ ತಂತಿಯ ಮೂಲಕ ಜೋಡಿಸುವ ಸಾಧನಗಳು ಯಾವುವು ಎಂಬ ಎರಡು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಕೊಳ್ಳಬೇಕಾದ ಯಂತ್ರವನ್ನು ತೀರ್ಮಾನಿಸುತ್ತದೆ.

ಬದಲಾಗುತ್ತಿರುವುದು ಏನು

ಪ್ರತಿಯೊಂದು ಪ್ರೊಸೆಸರಿಗೂ ತನಗೆ ಅರ್ಥವಾಗುವ ಆದೇಶಗಳ ಒಂದು ಭಾಷೆ ಇರುತ್ತದೆ. ಇದನ್ನೇ ಅದರ ಆರ್ಕಿಟೆಕ್ಚರ್ ಎಂದು ಕರೆಯುವುದು ರೂಢಿ. ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಪ್ರೊಸೆಸರುಗಳು ಬಳಸುವ ಭಾಷೆ 1978ರಲ್ಲಿ ಬಂದ ಇಂಟೆಲ್ 8086 ಎಂಬ ಚಿಪ್ಪಿನಿಂದ ಬೆಳೆದು ಬಂದದ್ದು. ಅದಕ್ಕೆ ಎಕ್ಸ್86 ಎಂದು ಹೆಸರು. ಎರಡನೆಯದು 1985ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದ ಏಕಾರ್ನ್ ಎಂಬ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರು ರೂಪಿಸಿದ ಆರ್ಮ್. ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಗುಣದಿಂದಾಗಿ ಅದು ಮೊದಲು ಮೊಬೈಲುಗಳನ್ನು ಆಕ್ರಮಿಸಿಕೊಂಡಿತು. ಈಗ ಲ್ಯಾಪ್‌ಟಾಪುಗಳಿಗೂ ಬಂದಿದೆ. ಆಪಲ್ ಕಂಪನಿಯ ಎಂ1, ಎಂ2, ಎಂ3, ಎಂ4 ಚಿಪ್ಪುಗಳೂ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಬರುವ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪುಗಳೂ ಆರ್ಮ್ ಭಾಷೆಯವು.

ಒಂದು ಭಾಷೆಗಾಗಿ ಸಿದ್ಧಪಡಿಸಿದ ತಂತ್ರಾಂಶವು ಇನ್ನೊಂದು ಭಾಷೆಯ ಪ್ರೊಸೆಸರಿನಲ್ಲಿ ನೇರವಾಗಿ ಓಡುವುದಿಲ್ಲ. ಆದ್ದರಿಂದ ಬದಲಾವಣೆಯ ಕಾಲದಲ್ಲಿ ಕಂಪನಿಗಳು ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸುತ್ತವೆ. ಆಪಲ್‌ನಲ್ಲಿ ಈ ದುಭಾಷಿಯ ಹೆಸರು ರೊಸೆಟ್ಟಾ 2. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಅದರ ಹೆಸರು ಪ್ರಿಸ್ಮ್. ರೊಸೆಟ್ಟಾ 2 ತಂತ್ರಾಂಶದ ಬಹುಭಾಗವನ್ನು ಓಡಿಸುವ ಮೊದಲೇ ಆರ್ಮ್ ಭಾಷೆಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ಪ್ರಿಸ್ಮ್ ತಂತ್ರಾಂಶ ಓಡುತ್ತಿರುವಾಗಲೇ ತುಣುಕು ತುಣುಕಾಗಿ ತಿರುಗಿಸುತ್ತದೆ ಮತ್ತು ಒಮ್ಮೆ ತಿರುಗಿಸಿದ್ದನ್ನು ಮುಂದಿನ ಬಾರಿಗಾಗಿ ಉಳಿಸಿಕೊಳ್ಳುತ್ತದೆ. ಪತ್ರ ಬರೆಯುವ, ಲೆಕ್ಕ ಇಡುವ, ಚಿತ್ರ ತಿದ್ದುವ ಸಾಮಾನ್ಯ ತಂತ್ರಾಂಶಗಳ ಮಟ್ಟಿಗೆ ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ; ಅನುವಾದ ನಡೆಯುತ್ತಿದೆ ಎಂಬುದು ಬಳಸುವವರಿಗೆ ಹೆಚ್ಚಿನ ವೇಳೆ ಗೊತ್ತಾಗುವುದೂ ಇಲ್ಲ.

ಆದರೆ ಈ ದುಭಾಷಿಗೆ ಒಂದು ಗಡಿ ಇದೆ. ವಿಂಡೋಸ್, ಮ್ಯಾಕ್‌ಒಎಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯನ್ನು ಒಂದು ದೇವಸ್ಥಾನವೆಂದು ಭಾವಿಸಿದರೆ, ನಾವು ದಿನವೂ ತೆರೆದು ಮುಚ್ಚುವ ತಂತ್ರಾಂಶಗಳೆಲ್ಲ ಹೊರಗಿನ ಪ್ರಾಕಾರದಲ್ಲಿ ಓಡಾಡುವಂತಹವು. ಪ್ರಿಂಟರ್, ಸ್ಕ್ಯಾನರ್, ಡಾಂಗಲ್ ಮೊದಲಾದ ಸಾಧನಗಳನ್ನು ಮಾತನಾಡಿಸುವ ಡ್ರೈವರುಗಳಲ್ಲಿ ಹಲವು ಗರ್ಭಗುಡಿಯ ಒಳಗೆ ಕೆಲಸ ಮಾಡಬೇಕಾದಂತಹವು. ದುಭಾಷಿಗೆ ಪ್ರಾಕಾರದವರೆಗೆ ಮಾತ್ರ ಪ್ರವೇಶ. ಗರ್ಭಗುಡಿಯೊಳಗೆ ಹೋಗುವ ಡ್ರೈವರನ್ನು ಅದರ ತಯಾರಕರೇ ಆರ್ಮ್‌ಗಾಗಿ ಹೊಸದಾಗಿ ಸಿದ್ಧಪಡಿಸಿ ಕೊಡಬೇಕು. ಇಲ್ಲವಾದರೆ ಆ ಸಾಧನ ನಡೆಯುವುದಿಲ್ಲ. ಚಿಕ್ಕಪ್ಪನ ಡಾಂಗಲ್ ದೀಪ ಹೊತ್ತದಿದ್ದ ಕಾರಣ ಇಷ್ಟೇ.

ಇದು ಮನೆ ಬದಲಾವಣೆಯೋ, ಹೊಸ ಕೋಣೆಯೋ

ಆಪಲ್‌ನಲ್ಲಿ ನಡೆಯುತ್ತಿರುವುದೂ ವಿಂಡೋಸ್‌ನಲ್ಲಿ ನಡೆಯುತ್ತಿರುವುದೂ ಒಂದೇ ಎಂದು ತಿಳಿಯುವುದು ತಪ್ಪು. ಆಪಲ್‌ನದು ಮನೆ ಬದಲಾವಣೆ: ಹಳೆಯ ಮನೆಯನ್ನು ಒಂದು ದಿನ ಬೀಗ ಹಾಕಿ ಬಿಟ್ಟುಬಿಡುತ್ತಾರೆ. ವಿಂಡೋಸ್‌ನದು ಇದ್ದ ಮನೆಗೆ ಹೊಸ ಕೋಣೆ ಕಟ್ಟಿಸಿದಂತೆ: ಹಳೆಯ ಕೋಣೆಗಳಲ್ಲಿ ಜನ ಇದ್ದೇ ಇರುತ್ತಾರೆ. ಈ ವ್ಯತ್ಯಾಸವನ್ನು ಮೊದಲು ಗ್ರಹಿಸಿದರೆ ಅರ್ಧ ನಿರ್ಧಾರ ತಾನಾಗಿಯೇ ಆಗುತ್ತದೆ.

ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಇಂತಹ ಬದಲಾವಣೆಯನ್ನು ಮೂರು ಬಾರಿ ಮಾಡಿದೆ. 1994ರಲ್ಲಿ ಮೊಟೊರೊಲಾ 68000 ಸರಣಿಯಿಂದ ಪವರ್‌ಪಿಸಿಗೆ, 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ, 2020ರಲ್ಲಿ ಇಂಟೆಲ್‌ನಿಂದ ತನ್ನದೇ ಆರ್ಮ್ ಚಿಪ್ಪುಗಳಿಗೆ. ಎರಡನೆಯ ಬದಲಾವಣೆಯ ಕಥೆಯನ್ನು ಇಂದು ಕೊಳ್ಳುವವರು ತಿಳಿದಿರುವುದು ಒಳ್ಳೆಯದು. ಇಂಟೆಲ್‌ಗೆ ಹೋಗುವುದಾಗಿ 2005ರ ಜೂನ್ ತಿಂಗಳಲ್ಲಿ ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಘೋಷಿಸಿದರು. ಆ ಬಳಿಕ, ಅದೇ ವರ್ಷದ ಅಕ್ಟೋಬರಿನಲ್ಲಿ, ನಾಲ್ಕು ಕೋರ್‌ಗಳ ಪವರ್ ಮ್ಯಾಕ್ ಜಿ5 ಮಾರುಕಟ್ಟೆಗೆ ಬಂದಿತು. ಅದು ಆ ದಿನಗಳ ಅತ್ಯಂತ ಶಕ್ತಿಶಾಲಿ ಮ್ಯಾಕ್. ಆದರೆ 2009ರ ಆಗಸ್ಟ್‌ನಲ್ಲಿ ಬಂದ, ಮ್ಯಾಕ್‌ನ ಕಾರ್ಯಾಚರಣ ವ್ಯವಸ್ಥೆಯ ಸ್ನೋ ಲೆಪರ್ಡ್ ಆವೃತ್ತಿಯು ಪವರ್‌ಪಿಸಿ ಯಂತ್ರಗಳಲ್ಲಿ ಸ್ಥಾಪನೆಯಾಗಲೇ ಇಲ್ಲ. ಅಷ್ಟು ದುಬಾರಿ ಯಂತ್ರಕ್ಕೆ ಹೊಸ ಕಾರ್ಯಾಚರಣ ವ್ಯವಸ್ಥೆಯ ಬಾಗಿಲು ನಾಲ್ಕು ವರ್ಷದೊಳಗೆ ಮುಚ್ಚಿತು. ಪವರ್‌ಪಿಸಿ ತಂತ್ರಾಂಶಗಳನ್ನು ಇಂಟೆಲ್‌ನಲ್ಲಿ ಓಡಿಸುತ್ತಿದ್ದ ಮೊದಲ ರೊಸೆಟ್ಟಾ ಕೂಡ 2011ರ ಜುಲೈನಲ್ಲಿ ಬಂದ ಲಯನ್ ಆವೃತ್ತಿಯಲ್ಲಿ ಇಲ್ಲವಾಯಿತು.

ಅದೇ ಕ್ರಮ ಈಗ ಪುನರಾವರ್ತನೆಯಾಗುತ್ತಿದೆ. 2020ರ ಮಾರ್ಚ್‌ನಲ್ಲಿ ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಬುಕ್ ಏರ್ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಂದಿತು. ನಡುವಿನ ಅಂತರ ಎಂಟು ತಿಂಗಳು. 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋ ಎರಡನೆಯದರಲ್ಲಿ ಓಡುತ್ತದೆ, ಮೊದಲನೆಯದರಲ್ಲಿ ಓಡುವುದಿಲ್ಲ. ಇಂಟೆಲ್ ಮ್ಯಾಕ್‌ಗಳಲ್ಲಿ ಕೆಲವೇ ಮಾದರಿಗಳಿಗೆ ಟಾಹೋ ದೊರೆತಿದೆ, ಮತ್ತು ಅವುಗಳಿಗೆ ಅದೇ ಕೊನೆಯ ಆವೃತ್ತಿ ಎಂದು ಆಪಲ್ 2025ರ ಜೂನ್‌ನಲ್ಲಿಯೇ ತಿಳಿಸಿದೆ. ರೊಸೆಟ್ಟಾ 2 ಪೂರ್ಣ ರೂಪದಲ್ಲಿ ದೊರೆಯುವುದು ಮ್ಯಾಕ್‌ಒಎಸ್ 27ರವರೆಗೆ. ಆಮೇಲೆ ಕೆಲವು ಹಳೆಯ ಆಟಗಳಿಗಾಗಿ ಮಾತ್ರ ಅದರ ಒಂದು ಭಾಗ ಉಳಿಯುತ್ತದೆ ಎಂದೂ ಹೇಳಿದೆ. ಹೀಗೆ ನೋಡಿದರೆ ದುಭಾಷಿಯ ಸೇವೆ ಎರಡು ಬಾರಿಯೂ ಐದರಿಂದ ಏಳು ವರ್ಷಗಳ ಆಸುಪಾಸಿನದು. ಇಂದು ಮ್ಯಾಕ್ ಕೊಳ್ಳುವವರು ತಮ್ಮ ತಂತ್ರಾಂಶ ರೊಸೆಟ್ಟಾದಲ್ಲಿ ನಡೆಯುತ್ತದೆ ಎಂಬುದಕ್ಕೆ ಸಮಾಧಾನಪಟ್ಟುಕೊಳ್ಳದೆ, ಅದಕ್ಕೆ ಆಪಲ್ ಚಿಪ್ಪಿನ ಆವೃತ್ತಿ ಬಂದಿದೆಯೇ ಎಂದು ನೋಡಿಕೊಳ್ಳಬೇಕು.

ವಿಂಡೋಸ್‌ನ ಇತಿಹಾಸ ಬೇರೆ. 2012ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಆರ್‌ಟಿ ಎಂಬ ಆರ್ಮ್ ಆವೃತ್ತಿಯನ್ನು ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್ಟಿನೊಂದಿಗೆ ತಂದಿತು. ಅದರಲ್ಲಿ ದುಭಾಷಿಯೇ ಇರಲಿಲ್ಲ. ಜನರ ಬಳಿ ಇದ್ದ ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ಒಂದೂ ಓಡಲಿಲ್ಲ. ಮರುವರ್ಷ ಆ ಟ್ಯಾಬ್ಲೆಟ್ಟಿನ ಲೆಕ್ಕದಲ್ಲಿ ಕಂಪನಿ 90 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. 2017ರ ಕೊನೆಗೆ ಹಳೆಯ ಬಗೆಯ 32 ಬಿಟ್ ತಂತ್ರಾಂಶಗಳಿಗೂ, 2021ರ ವಿಂಡೋಸ್ 11ರಲ್ಲಿ ಈಗಿನ ಬಗೆಯ 64 ಬಿಟ್ ತಂತ್ರಾಂಶಗಳಿಗೂ ಅನುವಾದ ಬಂದಿತು. 2024ರ ಜೂನ್‌ನಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪುಗಳು ಬಂದ ಮೇಲೆಯೇ ಆರ್ಮ್ ವಿಂಡೋಸ್ ದಿನಬಳಕೆಗೆ ನಿಜವಾಗಿ ಯೋಗ್ಯವಾದದ್ದು. ಆದರೆ ಇಂಟೆಲ್ ಮತ್ತು ಎಎಂಡಿ ಎಲ್ಲಿಗೂ ಹೋಗಿಲ್ಲ. ಅದೇ 2024ರಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿ ಬ್ಯಾಟರಿಯ ವಿಷಯದಲ್ಲಿ ಆರ್ಮ್‌ಗೆ ಸಮೀಪ ಬಂದಿದೆ. ಆದ್ದರಿಂದ ವಿಂಡೋಸ್ ಕೊಳ್ಳುವವರಿಗೆ ಎಕ್ಸ್86 ಮುಳುಗುವ ದೋಣಿ ಎಂಬ ಭಯ ಬೇಡ. ಅಲ್ಲಿ ಆರ್ಮ್ ಒಂದು ಆಯ್ಕೆಯೇ ಹೊರತು ಅನಿವಾರ್ಯವಲ್ಲ.

ಪಟ್ಟಿ ಮಾಡುವ ಕ್ರಮ

ಅಂಗಡಿಗೆ ಹೋಗುವ ಮೊದಲು ಒಂದು ವಾರ ನಿಮ್ಮ ಈಗಿನ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿರಿ. ನೀವು ತೆರೆಯುವ ಪ್ರತಿಯೊಂದು ತಂತ್ರಾಂಶದ ಹೆಸರನ್ನೂ ಆವೃತ್ತಿಯನ್ನೂ ಬರೆಯಿರಿ. ಸಿಕ್ಕಿಸುವ ಪ್ರತಿಯೊಂದು ಸಾಧನದ ಹೆಸರನ್ನೂ ಮಾದರಿ ಸಂಖ್ಯೆಯನ್ನೂ ಬರೆಯಿರಿ. ಒಂದು ವಾರ ಸಾಲದಿದ್ದರೆ ವರ್ಷದ ಕೆಲಸವನ್ನು ನೆನಪು ಮಾಡಿಕೊಳ್ಳಿರಿ, ಏಕೆಂದರೆ ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ವಸ್ತುವೇ ಕೊನೆಗೆ ತೊಂದರೆ ಕೊಡುವುದು. ತೆರಿಗೆ ವಿವರ ಸಲ್ಲಿಸಲು ಅಥವಾ ಟೆಂಡರ್ ಹಾಕಲು ಬೇಕಾದ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಸಾಧನ, ಅಂಗಡಿಯ ಬಿಲ್ ಪ್ರಿಂಟರ್, ಹಳೆಯ ಲೇಸರ್ ಪ್ರಿಂಟರ್, ಭಾವಚಿತ್ರದ ಸ್ಟುಡಿಯೋಗಳಲ್ಲಿರುವ ಸ್ಕ್ಯಾನರ್ ಇವೆಲ್ಲವೂ ಈ ಪಟ್ಟಿಗೆ ಸೇರಬೇಕು.

ಪಟ್ಟಿಯಿಂದ ಕೆಲವನ್ನು ಧೈರ್ಯವಾಗಿ ಹೊಡೆದುಹಾಕಬಹುದು. ಟೋಕನ್‌ನಂತಹ ಸಾಧನ ಬೇಡದೆ ಬ್ರೌಸರಿನಲ್ಲಿಯೇ ನಡೆಯುವ ಕೆಲಸಕ್ಕೆ ಪ್ರೊಸೆಸರಿನ ಹಂಗಿಲ್ಲ; ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಲ್ಲವೂ ಆರ್ಮ್‌ಗಾಗಿಯೇ ಸಿದ್ಧವಾಗಿ ದೊರೆಯುತ್ತವೆ. ಮೈಕ್ರೋಸಾಫ್ಟ್ ಆಫೀಸ್ ಮತ್ತು ಅಡೋಬಿ ಫೋಟೋಶಾಪ್ ಕೂಡ ಹಾಗೆಯೇ. ಕಡತಗಳಿಗಂತೂ ಪ್ರೊಸೆಸರ್ ಯಾವುದೆಂಬುದೇ ತಿಳಿಯದು: ನಿಮ್ಮ ಫೋಟೋಗಳು, ಪಿಡಿಎಫ್‌ಗಳು, ಎಕ್ಸೆಲ್ ಪಟ್ಟಿಗಳು, ಕಡೆಗೆ ಕನ್ನಡದ ಫಾಂಟುಗಳು ಕೂಡ ಒಂದರಿಂದ ಇನ್ನೊಂದಕ್ಕೆ ಹಾಗೆಯೇ ಹೋಗುತ್ತವೆ. ಅಡ್ಡಿ ಬರುವುದು ಓಡುವ ತಂತ್ರಾಂಶಗಳಿಗೆ ಮತ್ತು ಡ್ರೈವರುಗಳಿಗೆ ಮಾತ್ರ.

ಉಳಿದವುಗಳ ಬಗ್ಗೆ ತಯಾರಕರನ್ನು ಕೇಳಬೇಕು, ಮತ್ತು ಸರಿಯಾದ ಪ್ರಶ್ನೆಯನ್ನೇ ಕೇಳಬೇಕು. ಇದು ವಿಂಡೋಸ್ 11ರಲ್ಲಿ ನಡೆಯುತ್ತದೆಯೇ ಎಂದು ಕೇಳಿದರೆ ಹೌದು ಎಂಬ ಉತ್ತರ ಬರುತ್ತದೆ. ಆ ಹೌದು ಎಂಬುದು ಇಂಟೆಲ್ ಮತ್ತು ಎಎಂಡಿ ಯಂತ್ರಗಳಿಗೆ ಅನ್ವಯಿಸುವ ಮಾತು. ಆರ್ಮ್ ಪ್ರೊಸೆಸರಿನ ವಿಂಡೋಸ್ 11ಕ್ಕೆ ಈ ಸಾಧನದ ಡ್ರೈವರ್ ಇದೆಯೇ, ಇದ್ದರೆ ಅದು ಎಲ್ಲಿ ಸಿಗುತ್ತದೆ ಎಂದೇ ಬಿಡಿಸಿ ಕೇಳಬೇಕು, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಫೋನಿನಲ್ಲಿ ಹೇಳಿದ ಹೌದು ಎಂಬ ಮಾತನ್ನು ನೆಚ್ಚಿಕೊಂಡು ದುಬಾರಿ ವಸ್ತು ಕೊಳ್ಳಬಾರದು. ಮುಂದಿನ ವರ್ಷ ಡ್ರೈವರ್ ಬರುತ್ತದೆ ಎಂಬ ಉತ್ತರವನ್ನು ಇಲ್ಲ ಎಂದೇ ಓದಿಕೊಳ್ಳಿರಿ.

ಸಾಧ್ಯವಾದರೆ ಪರೀಕ್ಷಿಸಿ ನೋಡುವುದಕ್ಕಿಂತ ಉತ್ತಮವಾದ ಉಪಾಯವಿಲ್ಲ. ನಮ್ಮಲ್ಲಿ ಪೆಟ್ಟಿಗೆ ತೆರೆದ ಲ್ಯಾಪ್‌ಟಾಪನ್ನು ಸುಲಭವಾಗಿ ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಗಳು ಕಡಿಮೆ. ಆನ್‌ಲೈನ್ ಮಾರಾಟಗಾರರೂ ಬಹುಮಟ್ಟಿಗೆ ದೋಷವಿದ್ದರೆ ಬದಲಿಸಿಕೊಡುತ್ತಾರೆಯೇ ಹೊರತು ನಿಮ್ಮ ಟೋಕನ್ ನಡೆಯಲಿಲ್ಲ ಎಂಬ ಕಾರಣಕ್ಕೆ ಹಣ ಮರಳಿಸುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಹಣ ಕೊಡುವ ಮೊದಲೇ ಮಾಡಬೇಕು. ಅಂತಹ ಯಂತ್ರವಿರುವ ಪರಿಚಯದವರ ಮನೆಗೆ ನಿಮ್ಮ ಟೋಕನ್, ಡಾಂಗಲ್, ಪ್ರಿಂಟರ್ ಕೇಬಲ್ಲನ್ನು ತೆಗೆದುಕೊಂಡು ಹೋಗಿ ಅರ್ಧ ಗಂಟೆ ಯಂತ್ರವನ್ನು ಬಳಸಲು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಕನ್ನಡ ಬರೆಯುವವರಿಗೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಬರೆಯುವವರ ಸಲಹೆಗಳಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ. ಆರ್ಮ್ ವಿಂಡೋಸ್‌ನ ಮಿತಿಗಳನ್ನು ಮೈಕ್ರೋಸಾಫ್ಟ್ ತಾನೇ ಪಟ್ಟಿ ಮಾಡಿದೆ. ಡ್ರೈವರುಗಳು, ಕೆಲವು ಆಟಗಳು, ಕೆಲವು ಆಂಟಿವೈರಸ್ ತಂತ್ರಾಂಶಗಳು ಆ ಪಟ್ಟಿಯಲ್ಲಿವೆ. ಅವುಗಳ ಜೊತೆಗೆ ವಿಂಡೋಸ್‌ನ ನಡವಳಿಕೆಯನ್ನು ಬದಲಿಸುವ ತಂತ್ರಾಂಶಗಳಿಗೆ ತೊಂದರೆ ಬರಬಹುದೆಂದು ಹೇಳಿ, ಅದಕ್ಕೆ ಉದಾಹರಣೆಯಾಗಿ ಅಕ್ಷರ ಮೂಡಿಸುವ ಸಾಧನಗಳನ್ನು ಹೆಸರಿಸಿದೆ. ಕನ್ನಡ ಟೈಪ್ ಮಾಡಲು ನಾವು ಬಳಸುವ ತಂತ್ರಾಂಶಗಳು ಇದೇ ವರ್ಗದವು. ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು, ಅದರ ಜಾಗದಲ್ಲಿ ಕನ್ನಡ ಅಕ್ಷರವನ್ನು ಕಳುಹಿಸುವುದು ಅವುಗಳ ಕೆಲಸ. ಕೀಲಿ ಹಿಡಿಯುವ ತಂತ್ರಾಂಶ ಅನುವಾದದಲ್ಲಿ ಓಡುತ್ತಿದ್ದು, ಅಕ್ಷರ ಸೇರಬೇಕಾದ ತಂತ್ರಾಂಶ ನೇರವಾಗಿ ಆರ್ಮ್‌ನಲ್ಲಿ ಓಡುತ್ತಿದ್ದರೆ ಒಂದು ಇನ್ನೊಂದನ್ನು ತಲುಪದೆ ಹೋಗಬಹುದು. ನೋಟ್‌ಪ್ಯಾಡ್‌ನಲ್ಲಿ ಅಕ್ಷರ ಮೂಡಿತು ಎಂದು ಪರೀಕ್ಷೆ ನಿಲ್ಲಿಸಬೇಡಿ. ವರ್ಡ್‌ನಲ್ಲಿ, ಬ್ರೌಸರಿನಲ್ಲಿ, ನೀವು ಪುಟ ಕಟ್ಟುವ ತಂತ್ರಾಂಶದಲ್ಲಿ ಬೇರೆಬೇರೆಯಾಗಿ ಬರೆದು ನೋಡಿರಿ. ಒತ್ತಕ್ಷರಗಳಿರುವ ಒಂದು ಸಾಲನ್ನು ಬರೆಯುವುದು ಒಳ್ಳೆಯದು. "ರಾಷ್ಟ್ರೀಯ ಸ್ವಾತಂತ್ರ್ಯ" ಎಂದು ಬರೆದರೆ ಕೊರತೆ ಇದ್ದಲ್ಲಿ ಬೇಗ ಕಾಣುತ್ತದೆ.

ವಿಂಡೋಸ್ ಜೊತೆಗೇ ಬರುವ ಕನ್ನಡ ಕೀಲಿಮಣೆಗಳಿಗೆ ಈ ತೊಡಕಿಲ್ಲ, ಏಕೆಂದರೆ ಅವು ಆಯಾ ಪ್ರೊಸೆಸರಿಗಾಗಿಯೇ ಸಿದ್ಧವಾಗಿ ವ್ಯವಸ್ಥೆಯ ಭಾಗವಾಗಿರುತ್ತವೆ. ಮ್ಯಾಕ್‌ನಲ್ಲಿಯೂ ಕನ್ನಡ ಕೀಲಿಮಣೆ ಒಳಗೇ ಇದೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುವವರಿಗೆ ಐಬಸ್ ಮತ್ತು ಎಂ17ಎನ್ ಎಂಬ ಅಕ್ಷರ ಮೂಡಿಸುವ ತಂತ್ರಾಂಶಗಳ ಮೂಲಕ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ದೊರೆಯುತ್ತದೆ. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಬರೆಯುವವರು ಈ ಮೂರರಲ್ಲಿ ಯಾವುದನ್ನಾದರೂ ರೂಢಿಸಿಕೊಂಡರೆ ಪ್ರೊಸೆಸರ್ ಬದಲಾವಣೆ ಅವರನ್ನು ತಟ್ಟುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಹಳೆಯ ಆಸ್ಕಿ ಫಾಂಟುಗಳಲ್ಲಿ ವರ್ಷಗಳ ಕೆಲಸ ಕೂಡಿಟ್ಟವರ ಪರಿಸ್ಥಿತಿ ಕಷ್ಟದ್ದು. ಅವರು ಹೊಸ ಯಂತ್ರ ಕೊಳ್ಳುವ ಮೊದಲು, ಹಳೆಯ ಯಂತ್ರ ಸುಸ್ಥಿತಿಯಲ್ಲಿರುವಾಗಲೇ, ಆ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಒಮ್ಮೆ ಓದಿ ತಿದ್ದಿಕೊಳ್ಳಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ. ಅರ್ಕಾವೊತ್ತು ಮತ್ತು ಅಂಕಿಗಳು ಪರಿವರ್ತನೆಯಲ್ಲಿ ಹೆಚ್ಚಾಗಿ ಕೆಡುತ್ತವೆ.

ಯಾರಿಗೆ ಯಾವುದು

ಬರೆಯುವುದು, ಓದುವುದು, ಇಮೇಲ್, ಆನ್‌ಲೈನ್ ಪಾಠ, ವಿಡಿಯೋ ನೋಡುವುದು ಇಷ್ಟೇ ಕೆಲಸವಿರುವವರು ಆರ್ಮ್ ಯಂತ್ರವನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಮೇಲಿಂದ ಮೇಲೆ ವಿದ್ಯುತ್ ಹೋಗುವ ಊರುಗಳಲ್ಲಿ ಬ್ಯಾಟರಿಯ ಬಾಳಿಕೆ ದೊಡ್ಡ ಅನುಕೂಲ. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಕೂಡ ಇಲ್ಲ. ಸದ್ದಿಲ್ಲದೆ ಕೆಲಸ ಮಾಡುತ್ತದೆ.

ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸ ಮಾಡುವವರು, ಸೈಬರ್ ಕೇಂದ್ರ ನಡೆಸುವವರು, ಮುದ್ರಣಾಲಯದವರು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ವಿಂಡೋಸ್ ಯಂತ್ರವನ್ನೇ ಕೊಳ್ಳಲಿ. ಟ್ಯಾಲಿಯಂತಹ ತಂತ್ರಾಂಶ ವಿಂಡೋಸ್‌ಗಾಗಿ ಬೆಳೆದದ್ದು. ಅದರ ಸುತ್ತ ಇರುವ ಟೋಕನ್, ಪ್ರಿಂಟರ್, ಸಹಿಯ ಸಹಾಯಕ ತಂತ್ರಾಂಶಗಳೆಲ್ಲ ಎಕ್ಸ್86ರ ಲೋಕದಲ್ಲಿ ಬೇರು ಬಿಟ್ಟಿವೆ. ತಿಂಗಳ 20ನೆಯ ತಾರೀಖಿನಂದು ಜಿಎಸ್‌ಟಿ ವಿವರ ಸಲ್ಲಿಸಬೇಕಾದವರಿಗೆ ಟೋಕನ್ ನಡೆಯದಿದ್ದರೆ ಬ್ಯಾಟರಿ ಎಷ್ಟು ಹೊತ್ತು ಬಂದರೂ ಪ್ರಯೋಜನವಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಿಷಯದಲ್ಲಿ ವಿಭಾಗವನ್ನು ನೋಡಬೇಕು. ಮೆಕ್ಯಾನಿಕಲ್‌ನವರಿಗೆ ಬೇಕಾಗುವ ಸಾಲಿಡ್‌ವರ್ಕ್ಸ್ ಮತ್ತು ಎಲೆಕ್ಟ್ರಾನಿಕ್ಸ್‌ನವರಿಗೆ ಬೇಕಾಗುವ ವಿವಾಡೊ ಎಂಬ ವಿನ್ಯಾಸ ತಂತ್ರಾಂಶಗಳು ಎಕ್ಸ್86 ಯಂತ್ರಗಳಿಗಾಗಿ ಇರುವವು. ಮ್ಯಾಕ್‌ಗೆ ಇವೆರಡೂ ಇಲ್ಲ. ಮಗನಿಗೋ ಮಗಳಿಗೋ ಪ್ರೀತಿಯಿಂದ ದುಬಾರಿ ಮ್ಯಾಕ್ ಕೊಡಿಸಿ, ಎರಡನೆಯ ವರ್ಷದ ಪ್ರಯೋಗಾಲಯದ ಹೊತ್ತಿಗೆ ಇನ್ನೊಂದು ಲ್ಯಾಪ್‌ಟಾಪಿಗೆ ಹಣ ಹೊಂದಿಸುವ ಸ್ಥಿತಿ ಬರಬಾರದು. ಸೇರಿದ ಕಾಲೇಜಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿ ಇದು. ಕಂಪ್ಯೂಟರ್ ಸೈನ್ಸ್‌ನವರಿಗೆ ಎರಡೂ ನಡೆಯುತ್ತದೆ, ಮತ್ತು ಆರ್ಮ್‌ನಲ್ಲಿ ಕೆಲಸ ಕಲಿತದ್ದು ವ್ಯರ್ಥವಾಗುವುದಿಲ್ಲ. ಆದರೆ ವರ್ಚುವಲ್ ಯಂತ್ರದೊಳಗೆ, ಎಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೇ ರೂಪಿಸುವ ಇನ್ನೊಂದು ಕಂಪ್ಯೂಟರಿನಲ್ಲಿ, ಎಕ್ಸ್86ರ ವಿಂಡೋಸ್ ಅಥವಾ ಲಿನಕ್ಸ್ ಓಡಿಸಬೇಕೆಂದಿದ್ದರೆ ಆರ್ಮ್ ಯಂತ್ರದಲ್ಲಿ ಅದು ತೀರಾ ನಿಧಾನ ಎಂಬುದನ್ನು ಅವರು ತಿಳಿದಿರಬೇಕು. ಡಾಕರ್ ಚಿತ್ರಿಕೆಗಳನ್ನು, ಎಂದರೆ ಓಡಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶಗಳನ್ನು, ಇಳಿಸಿಕೊಳ್ಳುವಾಗಲೂ ಆರ್ಮ್64 ಆವೃತ್ತಿ ಇದೆಯೇ ಎಂದು ನೋಡಿಕೊಳ್ಳಬೇಕು. ಆಟಗಳಿಗಾಗಿ ಕೊಳ್ಳುವವರಿಗೆ ಎಕ್ಸ್86ರ ಹೊರತು ಬೇರೆ ಸಲಹೆ ಕೊಡಲಾರೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಹಳೆಯ ಇಂಟೆಲ್ ಮ್ಯಾಕ್‌ಗಳು ಈಗ ಅಗ್ಗವಾಗಿ ಸಿಗುತ್ತವೆ. ನೋಡಲು ಅಂದ, ಪರದೆ ಸೊಗಸು, ಆದ್ದರಿಂದ ಆಸೆಯಾಗುವುದು ಸಹಜ. ಹಿಂದೆ ಅವುಗಳಲ್ಲಿ ಆಪಲ್‌ನ ಬೂಟ್ ಕ್ಯಾಂಪ್ ಎಂಬ ಸೌಲಭ್ಯದ ಮೂಲಕ ವಿಂಡೋಸ್ ಹಾಕಿಕೊಳ್ಳಬಹುದು ಎಂಬುದು ದೊಡ್ಡ ಆಕರ್ಷಣೆಯಾಗಿತ್ತು; ಆದರೆ ಬೂಟ್ ಕ್ಯಾಂಪ್ ಅಧಿಕೃತವಾಗಿ ವಿಂಡೋಸ್ 10ಕ್ಕೆ ನಿಂತಿದೆ, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ಲಿನಕ್ಸ್ ಹಾಕಿಕೊಂಡು ಬಳಸಬಲ್ಲವರ ಹೊರತು ಇತರರು ಅವುಗಳಿಂದ ದೂರ ಇರುವುದು ಕ್ಷೇಮ. ಅದೇ ಹಣಕ್ಕೆ ಸ್ವಲ್ಪ ಸೇರಿಸಿ ಚೆನ್ನಾಗಿರುವ ಎಂ1 ಏರ್ ಕೊಂಡರೆ ಹೆಚ್ಚು ವರ್ಷ ಬಾಳುತ್ತದೆ. ಎಂ1 ಏರ್‌ಗೆ ಒಂದೇ ಹೊರ ಪರದೆಯನ್ನು ಜೋಡಿಸಲು ಬರುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿದಿರಿ.

ಅಂಗಡಿಯಲ್ಲಿ ನೋಡಬೇಕಾದದ್ದು

ಒಂದೇ ಹೆಸರಿನ, ಒಂದೇ ರೂಪದ ಲ್ಯಾಪ್‌ಟಾಪ್ ಎರಡು ಬೇರೆ ಪ್ರೊಸೆಸರುಗಳಲ್ಲಿ ಬರುವುದುಂಟು. ಡೆಲ್ ಎಕ್ಸ್‌ಪಿಎಸ್ 13ರಲ್ಲಿ 9345 ಎಂಬ ಮಾದರಿ ಸ್ನ್ಯಾಪ್‌ಡ್ರ್ಯಾಗನ್‌ನದು, 9350 ಎಂಬುದು ಇಂಟೆಲ್‌ನದು. ಕೊನೆಯ ಎರಡು ಅಂಕಿಗಳಲ್ಲಿ ಮಾತ್ರ ಭೇದ. ಪೆಟ್ಟಿಗೆಯ ಮೇಲಿನ ಪ್ರೊಸೆಸರಿನ ಹೆಸರನ್ನು ನೀವೇ ಓದಿರಿ. ಯಂತ್ರವನ್ನು ತೆರೆದ ಮೇಲೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ಎಂಬಲ್ಲಿಗೆ ಹೋದರೆ ಸಿಸ್ಟಮ್ ಟೈಪ್ ಎಂಬ ಸಾಲಿನಲ್ಲಿ ಎಕ್ಸ್64 (64 ಬಿಟ್‌ನ ಎಕ್ಸ್86) ಎಂದೋ ಆರ್ಮ್ ಎಂದೋ ಸ್ಪಷ್ಟವಾಗಿ ಬರೆದಿರುತ್ತದೆ. ಮ್ಯಾಕ್‌ನಲ್ಲಿ ಆಪಲ್ ಚಿಹ್ನೆಯ ಕೆಳಗಿನ ಅಬೌಟ್ ದಿಸ್ ಮ್ಯಾಕ್ ಎಂಬುದನ್ನು ತೆರೆದರೆ, ಚಿಪ್ ಎಂದಿದ್ದರೆ ಆಪಲ್‌ನದು, ಪ್ರೊಸೆಸರ್ ಎಂದಿದ್ದರೆ ಇಂಟೆಲ್‌ನದು.

ಮೆಮೊರಿಯ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಆಪಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ, ಸ್ನ್ಯಾಪ್‌ಡ್ರ್ಯಾಗನ್ ಲ್ಯಾಪ್‌ಟಾಪುಗಳಲ್ಲಿ ಬಹುಮಟ್ಟಿಗೆ, ಮತ್ತು ಕೋರ್ ಅಲ್ಟ್ರಾ 200ವಿ ಸರಣಿಯಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಅನುವಾದದಲ್ಲಿ ಓಡುವ ತಂತ್ರಾಂಶಕ್ಕೆ ಮೆಮೊರಿ ಸ್ವಲ್ಪ ಹೆಚ್ಚೇ ಬೇಕು. 16 ಜಿಬಿಗಿಂತ ಕಡಿಮೆ ಇರುವ ಹೊಸ ಯಂತ್ರವನ್ನು ಇಂದು ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಆಪಲ್ ಕೂಡ 2024ರ ಅಕ್ಟೋಬರಿನಲ್ಲಿ ಮ್ಯಾಕ್‌ಬುಕ್ ಏರ್‌ನ ಕನಿಷ್ಠ ಮೆಮೊರಿಯನ್ನು 16 ಜಿಬಿಗೆ ಏರಿಸಿತು.

ತಂದ ಮೇಲೆ

ಹಳೆಯ ಕಂಪ್ಯೂಟರನ್ನು ಕೂಡಲೇ ಮಾರಬೇಡಿ, ವಿನಿಮಯಕ್ಕೂ ಕೊಡಬೇಡಿ. ಕನಿಷ್ಠ ಮೂರು ತಿಂಗಳು, ತೆರಿಗೆಯ ಕೆಲಸವಿರುವವರಾದರೆ ಮುಂದಿನ ಮಾರ್ಚ್ ಕಳೆಯುವವರೆಗೆ ಇಟ್ಟುಕೊಳ್ಳಿರಿ. ಹೊಸದರಲ್ಲಿ ಯಾವ ತಂತ್ರಾಂಶ ನೇರವಾಗಿ ಓಡುತ್ತಿದೆ, ಯಾವುದು ಅನುವಾದದಲ್ಲಿ ಓಡುತ್ತಿದೆ ಎಂಬುದನ್ನು ನೋಡಿ ಬರೆದಿಟ್ಟುಕೊಳ್ಳಿರಿ: ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಆರ್ಕಿಟೆಕ್ಚರ್ ಎಂಬ ಕಂಬಸಾಲನ್ನು ಸೇರಿಸಿಕೊಂಡರೆ ಕಾಣುತ್ತದೆ, ಮ್ಯಾಕ್‌ನ ಆಕ್ಟಿವಿಟಿ ಮಾನಿಟರಿನಲ್ಲಿ ಕೈಂಡ್ ಎಂಬಲ್ಲಿ ಆಪಲ್ ಅಥವಾ ಇಂಟೆಲ್ ಎಂದಿರುತ್ತದೆ. ವಿಂಡೋಸ್‌ನಲ್ಲಿ ಎಕ್ಸ್64 ಅಥವಾ ಎಕ್ಸ್86 ಎಂದು, ಮ್ಯಾಕ್‌ನಲ್ಲಿ ಇಂಟೆಲ್ ಎಂದು ಕಂಡವುಗಳಿಗೆ ಹೊಸ ಆವೃತ್ತಿ ಬಂದಿದೆಯೇ ಎಂದು ಹುಡುಕಿರಿ. ಎಷ್ಟೋ ಬಾರಿ ಆರ್ಮ್ ಆವೃತ್ತಿ ಇದ್ದರೂ ಪೆನ್‌ಡ್ರೈವ್‌ನಲ್ಲಿದ್ದ ಹಳೆಯದನ್ನೇ ಹಾಕಿಕೊಂಡು ಯಂತ್ರ ನಿಧಾನ ಎಂದು ಬೇಸರಪಡುತ್ತೇವೆ.

ಚಿಕ್ಕಪ್ಪನ ಮುದ್ರಣಾಲಯದಲ್ಲಿ ಈಗ ಎರಡು ಯಂತ್ರಗಳಿವೆ. ಹಸಿರು ಡಾಂಗಲ್ ಹಳೆಯ ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ಮೊದಲಿನಂತೆ ಉರಿಯುತ್ತಿದೆ. ಆ ಡೆಸ್ಕ್‌ಟಾಪಿಗೆ ಇಂಟರ್‌ನೆಟ್ ಸಂಪರ್ಕವನ್ನು ತೆಗೆದುಹಾಕಿದ್ದೇವೆ. ಹಳೆಯ ಗಿರಾಕಿಗಳ ಕರೆಯೋಲೆಗಳನ್ನು ಅಲ್ಲಿ ತೆರೆದು, ಯೂನಿಕೋಡ್‌ಗೆ ಪರಿವರ್ತಿಸಿ, ಪೆನ್‌ಡ್ರೈವ್‌ನಲ್ಲಿ ಹೊಸ ಲ್ಯಾಪ್‌ಟಾಪಿಗೆ ತರುತ್ತೇವೆ. ದಿನಕ್ಕೆ ಹತ್ತು ಕಡತ ಎಂದು ಲೆಕ್ಕ ಇಟ್ಟುಕೊಂಡಿದ್ದೇವೆ, ಮತ್ತು ಪರಿವರ್ತನೆಯಾದ ಪ್ರತಿಯೊಂದು ಕರೆಯೋಲೆಯಲ್ಲಿ ಮುಹೂರ್ತದ ಸಾಲಿನ ಅಂಕಿಗಳನ್ನು ಚಿಕ್ಕಪ್ಪ ತಾವೇ ಬೆರಳಿಟ್ಟು ಓದುತ್ತಾರೆ.